ಒಣಗದ ಸ್ವೆಟರ್

ಮ್ಯಾಲೇಗ್ ಬಂದರಿನಲ್ಲಿ ಹನ್ನೊಂದು ದಿನದಿಂದ ಮಳೆ ಹಿಡಿದುಕೊಂಡಿತ್ತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಸೆಂಗಾಳ ಏಪ್ರನ್‌ಗಳು, ಟವೆಲ್‌ಗಳು ಕುರ್ಚಿಗಳ ಮೇಲೆ ಒದ್ದೆಯಾಗಿಯೇ ಉಳಿದು ಮುಗ್ಗಲು ನಾತ ಹೊಡೆಯುತ್ತಿದ್ದವು. ಶನಿವಾರ ಬೆಳಿಗ್ಗೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡು, ಬಟ್ಟೆ ಒಣಗಿಸುವ ಕರೆಂಟಿನ ಸ್ಟ್ಯಾಂಡನ್ನು ಕಪಾಟಿನಿಂದ ಹೊರಗೆಳೆದಳು. ವರ್ಷದಿಂದ ಅದನ್ನು ಮುಟ್ಟಿರಲಿಲ್ಲ.

ಅದರ ಹಿಂದೆ ಒಂದು ಚೀಲವಿತ್ತು. ಚೀಲದೊಳಗೆ ಗಂಡ ಲಾಕ್ಲನ್‌ನ ನೀಲಿ ಉಣ್ಣೆಯ ಸ್ವೆಟರ್.

ಕಳೆದ ಜನವರಿ ಎರಡನೇ ತಾರೀಕು ಲಾಕ್ಲನ್ ಕಡಲಲ್ಲಿ ಇಳಿಬಿಟ್ಟಿದ್ದ ಏಡಿ ಬುಟ್ಟಿಗಳನ್ನು ಎತ್ತಲು ಒಬ್ಬನೇ ದೋಣಿಯಲ್ಲಿ ಹೋಗಿದ್ದ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹೊರಡುವಾಗ ಇದೇ ಸ್ಟ್ಯಾಂಡಿನ ಮೇಲಿದ್ದ ಈ ಸ್ವೆಟರಿನ ತೋಳು ಹಿಚುಕಿ ನೋಡಿ, "ಇನ್ನೂ ಹಸಿ ಇದೆಯಲ್ಲೇ," ಎಂದು ತೆಳ್ಳನೆಯ ಜಾಕೆಟ್ ಹಾಕಿಕೊಂಡಿದ್ದ. ವರ್ಷದ ಕೊನೆಯ ರಾತ್ರಿಯ ಔತಣದಲ್ಲಿ ಸೂಪ್ ಚೆಲ್ಲಿಕೊಂಡಿದ್ದನೆಂದು ಸೆಂಗಾ ಅದನ್ನು ಹೊಸವರ್ಷದ ದಿನವೇ ಒಗೆದಿದ್ದಳು. ಆ ದಿನ ಬಟ್ಟೆ ಒಗೆದರೆ ಮನೆಯವರೊಬ್ಬರು ನೀರಿನೊಂದಿಗೆ ಕೊಚ್ಚಿಹೋಗುತ್ತಾರೆಂದು ಅಲ್ಲಿನ ಹೆಂಗಸರು ಒಂದು ಕರವಸ್ತ್ರವನ್ನೂ ನೆನೆಸುವುದಿಲ್ಲ. ಸೆಂಗಾ ಅದನ್ನೆಲ್ಲ ನಂಬುವವಳಲ್ಲ. ಆದರೂ ಕೆಳಗಿನ ಮನೆಯ ಅತ್ತೆ ಎಫಿ ಶುಭಾಶಯ ಹೇಳಲು ಬರುತ್ತಾಳೆಂದು ಸ್ಟ್ಯಾಂಡಿಗೆ ಹಾಸಿಗೆಯ ಚಾದರ ಹೊದಿಸಿ ಮುಚ್ಚಿಟ್ಟಿದ್ದಳು. ಎಫಿ ಬಂದು, ಅದರ ಪಕ್ಕದಲ್ಲೇ ಕೂತು ಟೀ ಕುಡಿದು, ಏನೂ ಹೇಳದೆ ಹೋಗಿದ್ದಳು.

ಈಗ ಸೆಂಗಾ ಚೀಲಕ್ಕೆ ಕೈ ಹಾಕಿದರೆ ಉಣ್ಣೆ ತಣ್ಣಗೆ ಒದ್ದೆಯಾಗಿತ್ತು. ಒಣಗಿಸಿಯೇ ಇಟ್ಟಿದ್ದೆನಲ್ಲ ಎಂದುಕೊಂಡಳು. ಆಮೇಲೆ ಆ ದಿನಗಳಲ್ಲಿ ತಾನು ಏನು ಮಾಡಿದೆನೋ ತನಗೇ ನೆನಪಿಲ್ಲ ಎಂದು ಸಮಾಧಾನ ಮಾಡಿಕೊಂಡು, ಸ್ಟ್ಯಾಂಡಿನ ಮೇಲೆ ಟವೆಲ್‌ಗಳ ಪಕ್ಕದಲ್ಲಿ ಸ್ವೆಟರನ್ನು ಹರಡಿ, ಚಾದರ ಹೊದಿಸಿ ಸ್ವಿಚ್ ಹಾಕಿದಳು.

ಮಧ್ಯಾಹ್ನಕ್ಕೆ ಟವೆಲ್‌ಗಳು ಗರಿಗರಿಯಾದವು. ಸ್ವೆಟರ್ ಮಾತ್ರ ಹಾಗೇ ಇತ್ತು.

ಭಾನುವಾರವೂ ಹಾಗೇ ಇತ್ತು. ಕಂಬಿಗಳು ಕೈ ಚುರ್ ಎನ್ನುವಷ್ಟು ಬಿಸಿ, ಕಿಟಕಿಯ ಗಾಜಿನ ತುಂಬ ಆವಿ, ತೋಳಿನ ತುದಿಯಿಂದ ಮಾತ್ರ ಒಂದೊಂದೇ ಹನಿ. ಸೆಂಗಾ ಕೆಳಗೆ ತಟ್ಟೆ ಇಟ್ಟಳು. ತಟ್ಟೆ ತುಂಬಿದ ಮೇಲೆ ಬೆರಳದ್ದಿ ನಾಲಿಗೆಗೆ ತಗುಲಿಸಿದಳು. ಉಪ್ಪು. ಚಾದರದ ಮರೆಯಲ್ಲಿ ಯಾರೋ ಭುಜ ಕುಗ್ಗಿಸಿಕೊಂಡು ಕಾಯುತ್ತಿರುವ ಹಾಗಿತ್ತು. ಹನಿ ಬೀಳುವ ಸದ್ದಿನ ನಡುವೆ ಉಸಿರಿನ ಸದ್ದೂ ಕೇಳಿಸಿತು. ಅವಳು ತನ್ನ ಉಸಿರು ಬಿಗಿಹಿಡಿದಳು. ಆ ಸದ್ದು ನಿಲ್ಲಲಿಲ್ಲ.

ಅವಳು ಮೆಟ್ಟಿಲಿಳಿದು ಅತ್ತೆಯ ಬಾಗಿಲು ತಟ್ಟಿದಳು.

"ಅಮ್ಮ, ಸ್ವಲ್ಪ ಮೇಲಕ್ಕೆ ಬರ್ತೀರಾ?"

"ಏನಾಯ್ತೇ? ಮುಖ ಯಾಕೆ ಸುಣ್ಣದ ಹಾಗಾಗಿದೆ?"

"ಬನ್ನಿ ಅಷ್ಟೇ."

ಎಂಬತ್ನಾಲ್ಕರ ಎಫಿ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಸೆಂಗಾ ಚಾದರ ಸರಿಸಿದಳು. ಮುದುಕಿ ತನ್ನ ಕೈಯಾರೆ ಹೆಣೆದ ಸ್ವೆಟರನ್ನು ನೋಡುತ್ತಾ ನಿಂತಳು.

"ಎರಡು ದಿನದಿಂದ ಒಣಗ್ತಾ ಇಲ್ಲ ಅಮ್ಮ. ನಿಮಗೆ ಹೇಳಬೇಕು. ಇದನ್ನ ನಾನು ಹೊಸವರ್ಷದ ದಿನ ಒಗೆದೆ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಮುಚ್ಚಿಟ್ಟೆ."

"ಗೊತ್ತು ಕಣೆ. ಕಿಟಕಿ ತುಂಬ ಆವಿ ಇತ್ತು. ನನಗೇನು ಕಣ್ಣಿಲ್ವಾ?"

"ಮತ್ತೆ ಒಂದು ವರ್ಷದಿಂದ ಒಂದು ಮಾತೂ ಅನ್ನಲಿಲ್ಲ."

ಎಫಿ ಕುರ್ಚಿ ಎಳೆದುಕೊಂಡು ಕೂತಳು. "ಯಾವ ಬಾಯಲ್ಲಿ ಅನ್ನಲಿ? ಅವತ್ತು ಬೆಳಗಿನ ಜಾವ ನಾನು ಹಾಸಿಗೆ ಒದ್ದೆ ಮಾಡಿಕೊಂಡಿದ್ದೆ. ವಯಸ್ಸಾಯ್ತು. ನೀವು ನೋಡಿದರೆ ನಾಚಿಕೆ ಅಂತ ನೀವು ಏಳೋ ಮುಂಚೆ ಚಾದರ ಒಗೆದುಬಿಟ್ಟೆ. ನಿನಗಿಂತ ಮೊದಲು ಒಗೆದವಳು ನಾನು. ನನ್ನ ಮಗನ್ನ ನಾನೇ ನೀರಿಗೆ ಕೊಟ್ಟೆ ಅಂತ ದಿನಾ ರಾತ್ರಿ ಅಂದುಕೊಳ್ತೀನಿ."

ಸೆಂಗಾ ಅವಳ ಕಾಲ ಬಳಿ ನೆಲದ ಮೇಲೆ ಕುಸಿದಳು. ಇಬ್ಬರೂ ಅತ್ತರು. ವರ್ಷವಿಡೀ ಒಬ್ಬರ ಮುಂದೊಬ್ಬರು ಬಿಗಿಹಿಡಿದಿದ್ದ ಅಳು ಅದು.

ಬಹಳ ಹೊತ್ತಿನ ಮೇಲೆ ಎಫಿ ಎದ್ದು ಸ್ವಿಚ್ ಆರಿಸಿದಳು. "ಈ ಕಂಬಿಗೆ ಇದು ಒಣಗಲ್ಲ ಮಗಾ. ನಮ್ಮಪ್ಪನ ಒದ್ದೆ ಸ್ವೆಟರನ್ನ ನಮ್ಮಮ್ಮ ತಾನೇ ತೊಟ್ಟುಕೊಂಡು ಮೈಬಿಸಿಯಲ್ಲೇ ಒಣಗಿಸ್ತಿದ್ದಳು. ಇಲ್ಲಿ ಕೊಡು."

"ನಿಮಗೆ ಶೀತ ಆಗುತ್ತೆ."

"ಆಗಲಿ ಬಿಡು. ತೋಳು ಹಿಡಿ."

ಸೆಂಗಾ ತೋಳು ಹಿಡಿದಳು. ಒದ್ದೆ ಉಣ್ಣೆ ಆ ಸಣಕಲು ಮೈಯ ಮೇಲೆ ಮೊಣಕಾಲವರೆಗೂ ಇಳಿಯಿತು. ಎಫಿ ಒಮ್ಮೆ ನಡುಗಿದಳು, ಎರಡೂ ಕೈ ಎದೆಗೆ ಕಟ್ಟಿಕೊಂಡು ಮೆಟ್ಟಿಲಿಳಿದು ಹೋದಳು.

ಸಂಜೆ ಸೆಂಗಾ ಸೂಪ್ ಬಿಸಿಮಾಡಿಕೊಂಡು ಕೆಳಗೆ ಹೋದಳು. ಬಾಗಿಲು ತಟ್ಟಲು ಕೈ ಎತ್ತಿದವಳು ಹಾಗೇ ನಿಂತಳು. ಒಳಗೆ ಎಫಿ ಯಾರಿಗೋ ಮೆಲ್ಲಗೆ ಗದರುತ್ತಿದ್ದಳು.

"ಇಷ್ಟು ಹೊತ್ತು ಮಾಡಿದರೆ ಹೇಗೋ? ಬೆಂಕಿ ಹತ್ತಿರ ಬಾ. ಕಾಲು ಚಾಚು."

ಸೆಂಗಾ ಸೂಪಿನ ಪಾತ್ರೆಯನ್ನೂ ಬಟ್ಟಲನ್ನೂ ಹೊಸ್ತಿಲ ಬಳಿ ಇಟ್ಟಳು. ಮೇಲಕ್ಕೆ ಹೋಗಿ ಇನ್ನೂ ಒಂದು ಬಟ್ಟಲು ತಂದು ಅದರ ಪಕ್ಕದಲ್ಲಿಟ್ಟಳು.