ಅಂಗೈಗೆ ಬಂದ ಹೋಳಿಗೆ

ನನ್ನ ಅತ್ತೆ ಶಿವಕಾಂತಾ ಹಟ ಹಿಡಿದರೆ ಬಿಡಿಸುವವರು ಇಡೀ ಕರಜಗಿಯಲ್ಲಿ ಇಲ್ಲ. ನಾಲ್ಕು ವರ್ಷದ ಹಿಂದೆ ಶೇಂಗಾ ಉಂಡಿಗೆ ಕಾಯಿಸಿದ ಬೆಲ್ಲದ ಪಾಕ ನನ್ನ ಕೈಜಾರಿ ಅವರ ಎಡ ಅಂಗೈ ಮೇಲೆ ಬಿತ್ತು. ಗಾಯವೇನೋ ಮಾಯಿತು, ಕಲೆ ಮಾತ್ರ ಬಿಗಿದು ಬೆರಳುಗಳನ್ನು ಒಳಕ್ಕೆ ಮಡಚಿತು. ಪೂಜೆಯಲ್ಲಿ ಇಷ್ಟಲಿಂಗ ಕೂರುವುದು ಎಡ ಅಂಗೈಯಲ್ಲೇ. ಅಂದಿನಿಂದ ಲಿಂಗವನ್ನು ತಟ್ಟೆಯಲ್ಲಿಟ್ಟು ಪೂಜಿಸತೊಡಗಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಕಲಬುರಗಿಯ ಡಾಕ್ಟರ್ ಅನುಜಾ ಒಂದು ದಾರಿ ಹೇಳಿದರು. ಕಲೆ ಬಿಡಿಸಿ ಅದರಡಿ ಕೊಬ್ಬು ತುಂಬುವುದು. ಕೊಬ್ಬಿನಲ್ಲಿರುವ ಕಾಂಡಕೋಶಗಳು ಚರ್ಮವನ್ನು ಮೆತ್ತಗಾಗಿಸಬಹುದು, ಪೂರಾ ಗ್ಯಾರಂಟಿ ಇಲ್ಲ. ಅತ್ತೆ ಎದ್ದೇ ನಿಂತರು. ಲಿಂಗ ಹಿಡಿಯುವ ಕೈಗೆ ಯಾವ ಪ್ರಾಣಿಯ ಕೊಬ್ಬು ಹಾಕುತ್ತೀರಿ ಎಂದು ಕೇಳಿದರು. ನಿಮ್ಮ ಹೊಟ್ಟೆಯದೇ ಎಂದ ಮೇಲೆ ಕೂತರು.

ಮನೆಗೆ ಬಂದವರೇ ಹರಕೆ ಹೊತ್ತರು: ಕೈ ಬಿಚ್ಚುವ ತನಕ ಒಪ್ಪತ್ತು, ದಿನಕ್ಕೆ ಒಂದೇ ಊಟ. ಮೊದಲೇ ಕಡ್ಡಿ ಪೈಲ್ವಾನ್. ತಿಂಗಳ ಮೇಲೆ ಹೋದಾಗ ಡಾಕ್ಟರ್ ಹೊಟ್ಟೆ ಚಿವುಟಿ ನೋಡಿ, ತೆಗೆಯಲು ಏನೂ ಉಳಿದಿಲ್ಲ, ಉಂಡು ಬನ್ನಿ ಎಂದು ವಾಪಸ್ ಕಳಿಸಿದರು. ಅತ್ತೆಯೋ ಹರಕೆ ಮುರಿಯಲೊಲ್ಲರು.

ನಾನೂ ಅವರ ಸೊಸೆಯೇ. ಮರುದಿನ ಸಂಜೆಯ ಪೂಜೆಗೆ ಎರಡು ಶೇಂಗಾ ಹೋಳಿಗೆ, ಮೇಲೆ ಧಾರಾಳ ತುಪ್ಪ ಹಾಕಿ ಲಿಂಗಕ್ಕೆ ಎಡೆ ಹಿಡಿದೆ. ಆಮೇಲೆ ತಟ್ಟೆಯನ್ನು ಅವರತ್ತ ಸರಿಸಿದೆ.

"ಇದು ಊಟ ಅಲ್ರಿ ಅತ್ತಿ, ಪ್ರಸಾದ. ಒಲ್ಲೆ ಅಂತೀರೇನು?"

ನಮ್ಮಲ್ಲಿ ಪ್ರಸಾದವನ್ನು ಒಲ್ಲೆ ಅನ್ನುವಂತಿಲ್ಲ, ಒಂದು ಚೂರೂ ಬಿಡುವಂತಿಲ್ಲ. ನನ್ನನ್ನು ದುರುಗುಟ್ಟಿ ನೋಡುತ್ತಲೇ ಉಂಡರು. ಮೂರು ತಿಂಗಳು ಹೀಗೇ ನಡೆಯಿತು. ಕುಪ್ಪಸ ಬಿಗಿಯಾಯಿತೆಂದು ಅತ್ತೆ ಅದರ ಹೊಲಿಗೆ ಬಿಚ್ಚಿಸಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಆಪರೇಷನ್ ಆಯಿತು. ಪಟ್ಟಿ, ಬೆರಳಿನ ವ್ಯಾಯಾಮ ಎಂದು ಇನ್ನೈದು ತಿಂಗಳು ಹೋದವು. ಕಿರುಬೆರಳು ಈಗಲೂ ತುಸು ಡೊಂಕು. ಆದರೆ ಮೊನ್ನೆ ಸೋಮವಾರ ಮುಂಜಾನೆ ಲಿಂಗ ಅವರ ಅಂಗೈಯಲ್ಲಿ ಕೂತಿತು, ಅಲುಗಲಿಲ್ಲ. ನನಗೆ ಅಳು ಬಂತು.

ಪೂಜೆ ಮುಗಿಸಿ, ಎಡೆಯ ಹೋಳಿಗೆ ಮುರಿದು ಅರ್ಧ ನನ್ನ ಕೈಗಿಟ್ಟರು.

"ತಿನ್ನು ಬೇ ಭಾಗ್ಯಾ. ಈ ಕೈ ಸುಟ್ಟಾಕಿನೂ ನೀನ, ತುಂಬಿದಾಕಿನೂ ನೀನ. ಇನ್ನ ಅದನ್ನ ಮನಸಿನ್ಯಾಗ ಇಟ್ಕೋಬ್ಯಾಡ."