ಮೂಗಿನವರೆಗೆ ಸೆರಗು

ನಮ್ಮ ಮನೆಯ ಮಾನ ಅಡುಗೆಮನೆಯಲ್ಲಿತ್ತು. ಸೊಸೆ ಸೀಮೆಎಣ್ಣೆ ಸ್ಟೋ ಹಚ್ಚಿದರೆ ಉಳಿಯುತ್ತಿತ್ತು, ಹಚ್ಚದಿದ್ದರೆ ಹೋಗುತ್ತಿತ್ತು.

ಅಣ್ಣನ ಹೆಂಡತಿ ಜಯಮಾಲಾ ವೈನಿ ಹಚ್ಚುತ್ತಿರಲಿಲ್ಲ. ಹೊರ್ತಿಯ ತವರಿನಲ್ಲಿ ಆಕೆಯ ಕಣ್ಣೆದುರೇ ಸ್ಟೋ ಸಿಡಿದು ತಾಯಿ ಸುಟ್ಟು ಸತ್ತಿದ್ದಳು. ಅಂದಿನಿಂದ ಪಂಪು ಹೊಡೆಯುವ ಸಪ್ಪಳ ಕೇಳಿದರೆ ಸಾಕು, ವೈನಿ ಅಂಗಳಕ್ಕೆ ಓಡಿ ಬಿದ್ದು ಹೊರಳುತ್ತಿದ್ದಳು. ಅವ್ವ ನಿಂಬೆಹಣ್ಣು ಇಳಿಸಿದಳು, ತಾಯತ ಕಟ್ಟಿಸಿದಳು. ಕೊನೆಗೆ, "ಯುಗಾದಿ ಹೋಳಿಗಿ ಇಕಿ ಕೈಲೇ ಆಗಬೇಕು. ಇಲ್ಲಂದ್ರ ಹೊರ್ತಿಗಿ ಕಳಿಸಿಬಿಡೂದು," ಎಂದಳು. ಡಿಗ್ರಿ ಮುಗಿಸಿದ ಅಣ್ಣ ಹೂಂ ಅಂದ.

ವೈನಿಯ ಅಪ್ಪ ಬೇಡಿಕೊಂಡು ವಿಜಾಪುರದಿಂದ ಹೃಷೀಕೇಶ ಡಾಕ್ಟರರನ್ನು ನಮ್ಮೂರು ಇಂಡಿಗೆ ಕರೆತಂದರು. ಗುಜರಾತಿನ ಭೂಕಂಪದಲ್ಲಿ ಬದುಕಿ ಉಳಿದವರ ಮನಸ್ಸಿನ ಹೆದರಿಕೆಗೆ ಚಿಕಿತ್ಸೆ ಕೊಟ್ಟು ಬಂದವರು. ಅವರ ಚಿಕಿತ್ಸೆಯಲ್ಲಿ ವೈನಿ ತಾಯಿ ಸತ್ತ ದಿನವನ್ನು ನೆನೆಯುತ್ತ, ಅತ್ತಿತ್ತ ಆಡುವ ಅವರ ಬೆರಳಿನ ಹಿಂದೆ ಕಣ್ಣು ಹಾಯಿಸಬೇಕಿತ್ತು.

ಅಣ್ಣ ನಕ್ಕ. "ಬೆರಳಾಡಿಸಿದ್ರ ಹೆದರಿಕಿ ಹೋಗತೈತೇನ್ರಿ? ನಮ್ಮ ಎಮ್ಮಿ ದಿನಾ ಬಾಲಾ ಆಡಸ್ತೈತಿ, ಓಣಿಗೆಲ್ಲ ಧೈರ್ಯ ಬಂದಿರಬೇಕಿತ್ತು!"

ಡಿಗ್ರಿಯಿಂದ ನಮ್ಮ ಮನೆಗೆ ಬಂದದ್ದು ಇಷ್ಟು.

ಅವ್ವ ವೈನಿಯ ಸೆರಗನ್ನು ಮೂಗಿನವರೆಗೆ ಎಳೆದು ಕೂರಿಸಿದಳು.

"ಆಕಿ ಕಣ್ಣು ಕಾಣದಿದ್ರ ನಾ ಏನ್ ಮಾಡ್ಲಿ ಅವ್ವಾರ?" ಎಂದರು ಡಾಕ್ಟರು.

"ಸೆರಗಿನೊಳಗಿಂದ ನೋಡತಾಳ. ನೀವು ನಿಮ್ಮ ಬೆರಳು ನೋಡ್ಕೋರಿ."

ಎರಡು ರವಿವಾರ ಹೀಗೇ ಹೋದವು. "ಏನೂ ಆಗಲಿಲ್ಲ ನೋಡು," ಎಂದು ಅವ್ವ ಹಿಗ್ಗಿದಳು.

ಪಕ್ಕದಲ್ಲಿ ಕೂತ ನನಗೆ ಸೆರಗಿನೊಳಗೆ ಕಾಣುತ್ತಿತ್ತು. ಗಂಡಸರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. ಮೂರನೆಯ ರವಿವಾರ ಬಿಟ್ಟೆ.

"ವೈನಿ ಕಣ್ಣ ಮುಚ್ಚಿಕೊಂಡ ಕುಂತಾಳ್ರಿ."

ಸೆರಗು ಹಿಂದೆ ಸರಿಸಿದೆ. ವೈನಿ ತಡೆಯಲಿಲ್ಲ.

"ನಾಚಿಕಿಗೇಡಿ! ಮಾನಾ ಕಳೀತಿ!" ಅವ್ವ ಚೀರಿದಳು.

"ಅಂಗಳದಾಗ ವೈನಿ ಸೆರಗಿಲ್ಲದ ಹೊರಳ್ಯಾಡುವಾಗ ಓಣಿ ಮಂದಿಯೆಲ್ಲ ನೋಡತಿತ್ತಲಾ, ಆಗ ಎಲ್ಲಿತ್ತವ್ವಾ ಮಾನಾ?"

ಡಾಕ್ಟರರ ಬೆರಳು ಆಡಿತು. ವೈನಿಯ ಕಣ್ಣು ಮಗ್ಗದ ಲಾಳಿಯಂತೆ ಅತ್ತಿತ್ತ ಓಡಿದವು. ಬೆವರಿದಳು, ಅತ್ತಳು, ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ನೋಡಿದಳು. ಹಲವು ರವಿವಾರ ಹೀಗೆ ನಡೆಯಿತು.

"ನೆನಪು ಹೋಗಿಲ್ಲ, ತಂಗಿ," ಎಂದಳು ಒಮ್ಮೆ. "ಮೊದಲು ಕಣ್ಣ ಮುಂದ ನಿಂತಿತ್ತು. ಈಗ ಹಿಂದ ಸರದೈತಿ."

ಯುಗಾದಿಯ ದಿನ ವೈನಿ ತಾನೇ ಪಂಪು ಹೊಡೆದು ಸ್ಟೋ ಹಚ್ಚಿದಳು. ಅಂಗಳಕ್ಕೆ ಓಡಲಿಲ್ಲ. ಅಣ್ಣ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ಮೆದ್ದ. ಅವ್ವ ಬಂದವರಿಗೆಲ್ಲ, "ನಾ ಕಟ್ಟಿಸಿದ ತಾಯತ ಹತ್ತಿತು ನೋಡ್ರಿ," ಎಂದಳು.

ವೈನಿ ಸೆರಗು ಸರಿಸಿ ಅವ್ವನನ್ನೇ ನೆಟ್ಟಗೆ ನೋಡಿದಳು. ಅವ್ವನ ಕಣ್ಣು ಅತ್ತ ಹೋದವು, ಇತ್ತ ಬಂದವು. ಎಲ್ಲಿಯೂ ನಿಲ್ಲಲಿಲ್ಲ.