ಬಾಯಿಗೆ ಬಾರದ ಹೆಸರು

"ಪಾಸ್‌ವರ್ಡ್ ಹೇಳ್ತಿಯೋ, ಹಲ್ಲು ಉದುರಸ್ಲೋ?"

ಬಸವಂತರಾಯ ಹೆಂಡತಿಯ ತುರುಬು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಮಲಕಮ್ಮನ ಮೂಗಿನಿಂದ ರಕ್ತ ಕೀಬೋರ್ಡಿನ ಮೇಲೆ ಸುರಿಯಿತು. ಬೆಳಿಗ್ಗೆಯಷ್ಟೇ ಬ್ರಷ್ಷಿನಿಂದ ಎರೆಮಣ್ಣಿನ ಧೂಳು ತೆಗೆದು ಒರೆಸಿಟ್ಟ ಕೀಬೋರ್ಡು. ಅಷ್ಟು ನೋವಿನಲ್ಲೂ ಅವಳಿಗೆ ಹೊಟ್ಟೆ ಉರಿಯಿತು.

ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆ ನೀರಿನ ಸಂಘದ ಕೋಣೆ ಅದು. ಯಾವ ಹೊಲಕ್ಕೆ ಯಾವಾಗ ನೀರು ಎಂದು ಕಂಪ್ಯೂಟರಿಗೆ ಏರಿಸುವುದು ಮಲಕಮ್ಮನ ಕೆಲಸ. ಸಂಜೆ ಐದಕ್ಕೆ ಆ ಸರದಿ, ಕಾಲುವೆಯ ಗೇಟು ಎತ್ತುವ ಭಾಗಣ್ಣನ ಮೊಬೈಲಿಗೆ ತಾನಾಗಿಯೇ ಹೋಗುತ್ತದೆ, ಆಮೇಲೆ ಬದಲಿಸಲು ಬಾರದು. ಇವತ್ತು ಕಾಲುವೆಯ ಕೊನೆಯಲ್ಲಿರುವ ಕರೆಮ್ಮನ ಪಾಳಿ. ಅವಳ ಭತ್ತ ಕಾಳು ಕಟ್ಟುವ ಹೊತ್ತು, ಇವತ್ತು ನೀರು ತಪ್ಪಿದರೆ ಬರೀ ಜೊಳ್ಳು. ಆ ನೀರು ಬಸವಂತರಾಯನಿಗೆ ತನ್ನ ಹೊಲಕ್ಕೆ ಬೇಕಿತ್ತು.

ಕಂಪ್ಯೂಟರ್ ತರಬೇತಿಯಲ್ಲಿ ದೇವಕಮ್ಮ ಟೀಚರು ಧೂಳು ತೆಗೆಯುವುದು, ವೈರಸ್ ನೋಡದೆ ಪೆನ್‌ಡ್ರೈವ್ ಚುಚ್ಚದಿರುವುದು ಎಲ್ಲ ಕಲಿಸಿ, ಕೊನೆಗೆ, "ಪಾಸ್‌ವರ್ಡ್ ಅನ್ನೋದು ಸತ್ರೂ ನಿಮ್ಮ ಬಾಯಾಗ ಬರಬಾರ್ದು ನೋಡ್ರಿ" ಎಂದಿದ್ದರು. ಮಲಕಮ್ಮ ಕೂತು ಯೋಚಿಸಿದಳು. ಮದುವೆಯಾದಾಗಿನಿಂದ ಅವಳ ಬಾಯಿಗೆ ಬಾರದಿದ್ದದ್ದು ಗಂಡನ ಹೆಸರೊಂದೇ. ಅದನ್ನೇ ಇಟ್ಟಳು. ಒತ್ತಿದ ಅಕ್ಷರವೆಲ್ಲ ಚುಕ್ಕೆಯಾಗಿ ಮರೆಯಾದಾಗ ಒಬ್ಬಳೇ ನಾಚಿಕೊಂಡಿದ್ದಳು. ಎಂಥ ಹುಚ್ಚಿ!

ಈಗ ಆ ಹೆಸರಿನವನೇ ಹೊಡೆಯುತ್ತಿದ್ದ. ಮನೆದೇವರ ಹೆಸರು ಒತ್ತಿ ನೋಡಿದ, ಮಗಳದು ಒತ್ತಿದ, ಊರಿನದು ಒತ್ತಿದ. ತನ್ನದು ಮಾತ್ರ ಹೊಳೆಯಲಿಲ್ಲ. ಹೆಂಡತಿಯ ಬಾಯಲ್ಲಿ ಅದನ್ನು ಎಂದಾದರೂ ಕೇಳಿದ್ದರೆ ತಾನೇ?

"ಯಾವ ಮಿಂಡನ ಹೆಸರು ಇಟ್ಟಿದಿ? ಬೊಗಳು!"

"ಹೇಳಂಗಿಲ್ರಿ. ಕರೆಮ್ಮಕ್ಕ ಮಕ್ಕಳಿಗಿ ಏನ್ ಉಣಸಬೇಕು?"

ಅವನು ಹೊಲದಿಂದ ತಂದಿದ್ದ ಸಲಿಕೆಯ ಕಾವಿನಿಂದ ಅವಳ ಬಲಗೈಗೆ ಬಾರಿಸಿದ. ಬೆರಳು ಲಟಕ್ಕೆಂದಿತು. ಮತ್ತೊಂದು ಏಟು ಬಾಯಿಗೆ ಬಿತ್ತು. ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಂದುಬಿಟ್ಟರೆ ಏಟು ನಿಲ್ಲುತ್ತಿತ್ತು. ಅವಳು ರಕ್ತದ ಜೊತೆ ಅದನ್ನೂ ನುಂಗಿದಳು.

ಐದು ಗಂಟೆಯಾಯಿತು, ಕಂಪ್ಯೂಟರು ಟಿಣ್ ಎಂದಿತು. ಸರದಿ ಹೊರಟುಹೋಗಿತ್ತು. ಬಸವಂತರಾಯ ಅವಳ ಪಕ್ಕೆಗೊಂದು ಒದ್ದು ಹೊರಗೆ ಹೋದ.

ಸುದ್ದಿ ಕೇಳಿ ಓಡಿಬಂದ ಕರೆಮ್ಮ, "ಏಳವ್ವ, ದವಾಖಾನಿಗಿ ಹೋಗಮು" ಎಂದು ಅಳುತ್ತ ಎಬ್ಬಿಸಿದಳು. ಮಲಕಮ್ಮ ಹೊರಡಲಿಲ್ಲ. ಮೊದಲು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ಬದಲಿಸಿದಳು. ಕಂಪ್ಯೂಟರ್ ಆರಿಸಿ, ಬಟ್ಟೆ ಮುಚ್ಚಿದಳು.

ಶಹಾಪುರದ ದವಾಖಾನೆಯಲ್ಲಿ ಪೊಲೀಸಿನವನು ಕೇಳಿದ. "ಹೊಡದವ್ರು ಯಾರಮ್ಮ?"

"ನನ್ನ ಗಂಡ."

"ಹೆಸರು?"

ಕರೆಮ್ಮ ರೂಢಿಯಂತೆ ತಾನೇ ಹೇಳಲು ಬಾಯಿ ತೆರೆದಳು. ಮಲಕಮ್ಮ ಪಟ್ಟಿ ಕಟ್ಟಿದ ಕೈಯೆತ್ತಿ ತಡೆದಳು.

"ಬಸವಂತರಾಯ."

ಒಡೆದ ತುಟಿಯಲ್ಲಿ ಅದು ತೊದಲಿತು. ಅವಳು ಬಾಯಲ್ಲಿದ್ದ ರಕ್ತ ಉಗುಳಿ, ಸೆರಗಿನಿಂದ ಒರೆಸಿಕೊಂಡು, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.